ಮತ ಬೀಳದ ಚುನಾವಣೆಯ ವರದಿ

ಆ ಶನಿವಾರದ ಕೆಲಸಗಳು ನನ್ನ ನೋಟುಬುಕ್ಕಿನಲ್ಲಿ ಹೀಗಿವೆ: ಐದೂವರೆಗೆ ಎದ್ದು ಬಚ್ಚಲ ಒಲೆಗೆ ಉರಿ ಹಾಕಿದ್ದು. ನಲ್ಲಿ ನೀರು ಬಂದದ್ದು ಆರೂಕಾಲಿಗೆ, ಒಂದು ಹಂಡೆ, ಐದು ಕೊಡ ತುಂಬಿಸಿದ್ದು. ಮೊಗೆಕಾಯಿ ಹೆಚ್ಚಿ ಹುಳಿ ಮಾಡಿ ಮುಚ್ಚಿಟ್ಟಿದ್ದು. ಚಪ್ಪಲಿಯ ಪಟ್ಟಿ ಹೊಲಿಯಲು ಕೊಟ್ಟಿದ್ದು. ಹತ್ತಕ್ಕೆ ಆಫೀಸು. ಸ್ಕಾಲರ್‌ಶಿಪ್ ಅರ್ಜಿ ಬಂದದ್ದು ಹತ್ತೊಂಬತ್ತು, ಟಪಾಲು ಬರುವಷ್ಟರಲ್ಲಿ ನೋಡಿ ಮುಗಿಸಿದ್ದು ಹದಿನಾಲ್ಕು. ಹನ್ನೊಂದೂವರೆಗೆ ಟಪಾಲು. ದಿಲ್ಲಿಯ ಲಕೋಟೆ ಒಂದು. ಒಡೆಯಲಿಲ್ಲ.

ಒಡೆಯದಿದ್ದುದಕ್ಕೆ ಕಾರಣ, ಅದರ ಮೇಲಿದ್ದ ಹೆಸರು ನನ್ನದಲ್ಲ. ನನ್ನ ಅಣ್ಣನ ಮಗಳದ್ದು. ಅವಳು ಆಗ ಯಲ್ಲಾಪುರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತ, ನಂದೊಳ್ಳಿ ಕಡೆಯ ಇನ್ನೊಬ್ಬ ಟೀಚರ್ ಜೊತೆ ಒಂದು ಕೋಣೆ ಹಿಡಿದುಕೊಂಡಿದ್ದಳು. ಶನಿವಾರ ಅರ್ಧ ದಿನದ ಪಾಠ ಮುಗಿಸಿ ಬಸ್ಸು ಹತ್ತಿ ಶಿರಸಿಗೆ, ನಮ್ಮ ಮನೆಗೆ ಬರುತ್ತಿದ್ದಳು. ಅಣ್ಣನ ಊರು ವಾನಳ್ಳಿಯಿಂದಲೂ ಒಳಗೆ. ಅಲ್ಲಿಗೆ ಟಪಾಲು ಮುಟ್ಟುವಷ್ಟರಲ್ಲಿ ಕಾಗದದ ಹೊಸತನವೇ ಹೋಗಿರುತ್ತದೆ ಎಂದು ನಾನೇ ನಮ್ಮ ಕಾಲೇಜು ಆಫೀಸಿನ ವಿಳಾಸ ಬರೆಸಿದ್ದೆ. ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಸುಳ್ಳು ಯಾಕೆ ಹೇಳಲಿ. ದಪ್ಪ ಕಾಗದ, ಏನೂ ಕಾಣಲಿಲ್ಲ. ಡ್ರಾವರಿಗೆ ಹಾಕಿ ಬೀಗ ತಿರುಗಿಸಿ ಹದಿನೈದನೆಯ ಅರ್ಜಿ ಕೈಗೆ ತೆಗೆದುಕೊಂಡೆ.

ತೊಂಬತ್ತರ ದಶಕದ ಮೊದಲ ವರ್ಷಗಳಿಂದಲೂ ಆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಮೇಜು ನನ್ನದು. ಅರ್ಜಿ ತುಂಬಿಸುವ ಕೆಲಸದಲ್ಲಿ ನನ್ನದೇ ಒಂದು ಕ್ರಮವಿತ್ತು. ಮೊದಲು ಪೆನ್ಸಿಲಿನಲ್ಲಿ ತುಂಬಿಸುವುದು, ನಾನು ಓದುವುದು, ಆಮೇಲೆ ಪೆನ್ನು. ನಿಲ್ಕುಂದದಿಂದ ಎರಡು ಬಸ್ಸು ಬದಲಿಸಿ ಬಂದವರು ಒಂದು ಸಹಿ ತಪ್ಪಿತೆಂದು ಮತ್ತೆ ಅಷ್ಟೇ ದೂರ ಹೋಗುವುದನ್ನು ನೋಡಿ ನೋಡಿ ಕಲಿತ ಕ್ರಮ ಅದು. ನನ್ನ ಮೇಜಿನಿಂದ ಹೋದ ಅರ್ಜಿ ‘ಅಪೂರ್ಣ’ ಎಂಬ ಷರಾ ಹೊತ್ತು ವಾಪಸು ಬಂದದ್ದು ನನಗೆ ನೆನಪಿರುವಂತೆ ಒಂದೇ ಸಲ. ಅದೂ ಅಂಟು ಬಿಟ್ಟು ಫೋಟೊ ಉದುರಿಹೋಗಿದ್ದರಿಂದ. ಆಮೇಲೆ ನಾನು ಅನ್ನದ ಅಗುಳು ಬಿಟ್ಟು ಬಾಟಲಿಯ ಅಂಟು ಇಟ್ಟುಕೊಂಡೆ.

ಆಫೀಸಿನ ಈ ಅಭ್ಯಾಸ ಮನೆಗೂ ಬಂತು. ದಿನಕ್ಕೆ ಅರ್ಧ ಪುಟ ಬರೆದಿಡುತ್ತೇನೆ. ಏನು ಅಡುಗೆ, ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು. ನಮ್ಮವರಿಗೆ ಆಗ ಹಳಿಯಾಳದಲ್ಲಿ ಕೆಲಸ. ವಾರಕ್ಕೊಮ್ಮೆ ಬಂದಾಗ ಇದನ್ನು ಓದಿ ನಗುತ್ತಿದ್ದರು. ನಗಲಿ. ಒಂದು ಸಲ ಅದೇ ನೋಟುಬುಕ್ಕು ಒಂದು ಹುಡುಗಿಯ ದಾರಿಯನ್ನು ತೆರೆಯಿತು. ಅದನ್ನೇ ಹೇಳಲು ಹೊರಟಿದ್ದೇನೆ.

ಅಣ್ಣನ ಮಗಳು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿದ್ದಳು. ಬಿ.ಎ. ಆದಮೇಲೆ ನಾಲ್ಕು ವರ್ಷ ಮನೆಯಲ್ಲೇ ಕುಳಿತು ಆಮೇಲೆ ಓದಿದವಳು. ಹಾಗಾಗಿ ಎಲ್ಲದಕ್ಕೂ ಸ್ವಲ್ಪ ತಡ. ಒಂದು ದಿನ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ಪ್ರಕಟಣೆಯನ್ನು ತಂದು ನನ್ನ ಮುಂದಿಟ್ಟಳು. ದಿಲ್ಲಿಯ ಒಂದು ಸಂಸ್ಥೆ ಎಂ.ಎ. ಮುಗಿಸಿದವರಿಗೆ ರಾಜಕೀಯ ನಿರ್ವಹಣೆ ಎಂಬ ವಿಷಯದಲ್ಲಿ ಎರಡು ವರ್ಷದ ಫೆಲೋಶಿಪ್ ಕೊಡುತ್ತಿತ್ತು. ಓದು, ಊಟ, ವಸತಿ ಎಲ್ಲ ಅವರದೇ.

“ಎಂತದೇ ಅದು, ರಾಜಕೀಯ ನಿರ್ವಹಣೆ?” ಎಂದೆ.

“ಚುನಾವಣೆ ಹೆಂಗೆ ನಡಸದು, ಅಭ್ಯರ್ಥಿ ಜನರ ಹತ್ರ ಎಂತ ಮಾತಾಡಕ್ಕು, ಗೆದ್ದ ಮೇಲೆ ಆಫೀಸು ಹೆಂಗೆ ಇಟ್ಗಳಕ್ಕು, ಅದನ್ನೆಲ್ಲ ಕಲಿಸ್ತ್ವಡ ಅತ್ತೆ.”

“ಅದಕ್ಕೆ ದಿಲ್ಲಿಗೆ ಹೋಗಕ್ಕಾ? ನಿನ್ನ ಅಪ್ಪಯ್ಯನ ಜಗಲಿ ಮೇಲೆ ಎಂಟು ದಿನ ಕೂತ್ರೆ ಸಾಕು.”

ಅವಳು ನಗಲಿಲ್ಲ. ವಯಸ್ಸಿನ ಮಿತಿಯ ಸಾಲನ್ನು ಬೆರಳಿನಿಂದ ತೋರಿಸಿದಳು. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಆಕೆಗೆ ಅರ್ಜಿ ಹಾಕಲು ಬರುತ್ತಿರಲಿಲ್ಲ. ಯಲ್ಲಾಪುರದ ಕೆಲಸ ಮಾರ್ಚಿಗೆ ಮುಗಿಯುವಂಥದ್ದು. ಅದಾದ ಮೇಲೆ ಊರಿಗೆ ಬಂದು ಸುಮ್ಮನೆ ಇರು, ಮುಂದಿನದು ನಾವು ನೋಡುತ್ತೇವೆ ಎಂದು ಅಣ್ಣ ಆಗಲೇ ಹೇಳಿಯಾಗಿತ್ತು. ಮೊದಲಿನ ನಾಲ್ಕು ವರ್ಷ ಆಕೆ ಹೇಗೆ ಇದ್ದಳೆಂದು ನಾನು ಕಂಡಿದ್ದೆ. ಹಾಗಾಗಿ ತಮಾಷೆ ಬಿಟ್ಟು ಕನ್ನಡಕ ಹಾಕಿಕೊಂಡೆ.

ಅರ್ಜಿಯಲ್ಲಿ ಕಷ್ಟದ ಕಲಂ ಒಂದೇ. ಅರ್ಜಿದಾರರು ಯಾವುದಾದರೂ ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಕೆಲಸ ಮಾಡಿರಬೇಕು. ಅದರ ವರದಿ ಬರೆಯಬೇಕು. ಬರೆದದ್ದು ನಿಜವೆಂದು ಆ ಅಭ್ಯರ್ಥಿಯೂ ಎದುರಾಳಿಯೂ ಸಹಿ ಹಾಕಬೇಕು. ಎದುರಾಳಿಯ ಸಹಿ ಕೇಳುವ ಅರ್ಜಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾಡಿದವರು ತಿಳಿದವರೇ ಎಂದುಕೊಂಡೆ.

ಅದೃಷ್ಟಕ್ಕೆ ಆ ಚಳಿಗಾಲದಲ್ಲೇ ಗ್ರಾಮ ಪಂಚಾಯತಿಯ ಚುನಾವಣೆ ಬಂದಿತ್ತು. ಅಣ್ಣನ ಊರಿನ ವಾರ್ಡು ಮಹಿಳೆಯರಿಗೆ ಮೀಸಲು. ಬಸ್ ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿ ನಡೆಸುವ ಹೆಂಗಸನ್ನು ಅಣ್ಣನ ಮಗಳೇ ಹೋಗಿ ಒಪ್ಪಿಸಿ ನಾಮಪತ್ರ ಹಾಕಿಸಿದಳು. ಬನವಾಸಿ ಕಡೆಯಿಂದ ಮದುವೆಯಾಗಿ ಬಂದ ಗಟ್ಟಿ ಧ್ವನಿಯ ಹೆಂಗಸು, ಊರಿಗೆಲ್ಲ ಗಿರಣಿಯಕ್ಕ. ಎದುರಿಗೆ ನಿಂತವಳು ಹಳ್ಳದಾಚೆಯ ಕೇರಿಯ ಹೊಲಿಗೆಯಕ್ಕ. ಮಾತು ಕಡಿಮೆ, ಅಳತೆ ತಪ್ಪದ ಕೈ. ಅಣ್ಣನ ಮಗಳು ಶನಿವಾರ ಭಾನುವಾರ ಊರಿಗೆ ಹೋಗಿ ಮನೆ ಮನೆಯ ಪಟ್ಟಿ ಮಾಡಿದಳು. ಯಾರ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಯಾರು ಯಾರ ಮಾತು ಕೇಳುತ್ತಾರೆ, ಎಲ್ಲ ಬರೆದುಕೊಂಡಳು. ಮತದಾನದ ದಿನ ಹಳ್ಳದಾಚೆಯ ಮುದುಕಿಯರನ್ನು ಕರೆತರುವ ದಾರಿಯ ನಕ್ಷೆಯನ್ನೂ ಬರೆದಿದ್ದಳು. ಅಷ್ಟರಲ್ಲಿ ಎಂ.ಎ. ಅಂಕಪಟ್ಟಿಯ ನಕಲು ಮತ್ತು ಗುರುಗಳ ಪತ್ರಕ್ಕೆಂದು ನಾಲ್ಕು ದಿನ ಧಾರವಾಡಕ್ಕೆ ಹೋದಳು.

ಆ ನಾಲ್ಕು ದಿನ ನಾನು ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ನಾನು ರಜೆ ಹಾಕಿ ಅಡುಗೆಗೆ ನಿಂತೆ.

ನಮ್ಮ ಕಡೆ ಒಂದು ರೂಢಿ ಉಂಟು. ಪಂಚಾಯತಿಗೋ ಸೊಸೈಟಿಗೋ ಚುನಾವಣೆ ಬಂದರೆ ನಾಮಪತ್ರ ವಾಪಸು ಪಡೆಯುವ ಕೊನೆಯ ದಿನದೊಳಗೆ ನಾಲ್ಕು ಜನ ಹಿರಿಯರು ಒಂದು ಜಗಲಿಯ ಮೇಲೆ ಕೂರುತ್ತಾರೆ. ಒಬ್ಬರನ್ನು ಒಪ್ಪಿಸಿ, ಇನ್ನೊಬ್ಬರನ್ನು ಸಮಾಧಾನ ಮಾಡಿ, ಅವಿರೋಧ ಆಯ್ಕೆ ಮಾಡುತ್ತಾರೆ. ಅವಿರೋಧ ಎಂದರೆ ಊರಿಗೊಂದು ಹೆಮ್ಮೆ. ಪಕ್ಕದ ಊರಿನಲ್ಲಿ ಮತ ಬಿತ್ತಂತೆ ಎಂದು ಹೇಳುವಾಗ, ಅಲ್ಲಿ ಜಗಳ ಆಯಿತಂತೆ ಎನ್ನುವ ಧ್ವನಿ ಇರುತ್ತದೆ. ಅಣ್ಣ ಈ ಕೆಲಸದಲ್ಲಿ ಹೆಸರುವಾಸಿ. ಎರಡನೆಯ ದಿನ ಬೆಳಿಗ್ಗೆ ಒಳಗೆ ಬಂದು, “ತಂಗಿ, ಹತ್ತು ಲೋಟ ಚಾ ಆಗ್ಲಿ” ಎಂದ. ನಾನು ಇಟ್ಟೆ. ಮಧ್ಯಾಹ್ನ ಮತ್ತೆ ಎಂಟು ಲೋಟ. ಯಾಕೆಂದು ಕೇಳಲಿಲ್ಲ. ಜಗಲಿಯ ಮೇಲೆ ಜನ ಕೂತರೆ ಚಹಾ ಬೇಕೇ ಬೇಕು. ಅಷ್ಟೇ ಯೋಚಿಸಿದ್ದು ನನ್ನ ತಪ್ಪು.

ಮೂರನೆಯ ದಿನ ಸಂಜೆ ಹಿತ್ತಿಲ ಬಾಗಿಲಿನಿಂದ ಹೊಲಿಗೆಯಕ್ಕ ಬಂದಳು. ಅತ್ತಿಗೆಯ ಪ್ಲಾಸ್ಟರ್ ಕೈಗೆ ಹಿಡಿಸುವಂತೆ ಬಗಲಿನಲ್ಲಿ ಸೀಳಿ ಗುಂಡಿ ಇಟ್ಟ ರವಿಕೆ ಹೊಲಿದು ತಂದಿದ್ದಳು. ಅದನ್ನು ತೊಡಿಸುತ್ತಿರುವಾಗಲೇ ಗಿರಣಿಯಕ್ಕನೂ ಅಕ್ಕಿಹಿಟ್ಟಿನ ಚೀಲ ಹಿಡಿದುಕೊಂಡು ಅದೇ ಬಾಗಿಲಿನಿಂದ ಒಳಗೆ ಬಂದಳು. ಒಬ್ಬರನ್ನೊಬ್ಬರು ನೋಡಿದರು. ನಾನು ಇಬ್ಬರಿಗೂ ಮಣೆ ಹಾಕಿ ಕಾವಲಿಯ ಮೇಲೆ ತೆಳ್ಳೇವು ಎರೆಯತೊಡಗಿದೆ. ತೆಳ್ಳೇವು ಎಂದರೆ ನಮ್ಮ ಕಡೆಯ ತೆಳುವಾದ ದೋಸೆ; ಅದನ್ನು ಎರೆಯುತ್ತಲೇ ಇರಬೇಕು, ತಿನ್ನುವವರಿಗೆ ಏಳಲಾಗುವುದಿಲ್ಲ.

“ಏನವಾ, ನನ್ನ ಎದುರಿಗೆ ನಿಂತೀಯಂತಲ್ಲ,” ಎಂದಳು ಗಿರಣಿಯಕ್ಕ, ಬೆಲ್ಲ ಅದ್ದಿಕೊಳ್ಳುತ್ತ.

“ನಿಮ್ಮ ಎದ್ರು ನಿಂತಿದ್ದಲ್ಲ. ನಮ್ಮ ಕೇರಿಗೆ ಸಂಕ ಬೇಕು ಅಂತ ನಿಂತದ್ದು.”

ಸಂಕ ಎಂದರೆ ಹಳ್ಳ ದಾಟುವ ಕಾಲುಸೇತುವೆ. ಅಲ್ಲಿ ಇದ್ದದ್ದು ಎರಡು ಮರದ ದಿಮ್ಮಿ. ಹಳ್ಳ ತುಂಬಿತೆಂದರೆ ಆ ಕೇರಿಯ ಮಕ್ಕಳಿಗೆ ಶಾಲೆಯಿಲ್ಲ.

“ಅದನ್ನ ನಾನೂ ಮಾಡಿಸ್ತೀನಿ ತಗೋ.”

“ಎಲ್ರೂ ಹಾಂಗೇ ಹೇಳ್ತಾರೆ. ಯಾವಾಗ?”

“ಮಳಿಗಾಲದ ಒಳಗ.”

“ಯಾವ ಮಳೆಗಾಲ ಅಕ್ಕಾ? ಬಪ್ಪ ಮಳೆಗಾಲನಾ, ನಮ್ಮ ಮೊಮ್ಮಕ್ಕಳ ಮಳೆಗಾಲನಾ?”

ಅತ್ತಿಗೆ ನೋವಿನ ಕೈ ಹಿಡಿದುಕೊಂಡೇ ನಕ್ಕಳು. ಗಿರಣಿಯಕ್ಕನಿಗೂ ನಗು ಬಂತು. “ಬರೋ ಮಳಿಗಾಲ. ನನ್ನ ಟ್ರ್ಯಾಕ್ಟರ್‌ನಾಗ ಕಲ್ಲು ನಾನೇ ಹಾಕಿಸ್ತೀನಿ. ಸಾಕಾ?” ಎಂದಳು. ಹೊಲಿಗೆಯಕ್ಕ ಇನ್ನೊಂದು ತೆಳ್ಳೇವು ಹಾಕಿಸಿಕೊಂಡಳು. ಏಳುವಾಗ, “ಹಂಗಾರೆ ನಾಳೆ ಪಂಚಾಯ್ತಿ ಆಫೀಸಿಗೆ ಹೋಗ್ತೆ,” ಎಂದಳು. ಅದೇ ಹೊತ್ತಿಗೆ ಜಗಲಿಯಿಂದ ಅಣ್ಣನ ದನಿ: “ತಂಗಿ, ಇನ್ನೊಂದು ಸುತ್ತು ಚಾ!”

ಮರುದಿನ ಮಧ್ಯಾಹ್ನ ಹೊಲಿಗೆಯಕ್ಕ ನಾಮಪತ್ರ ವಾಪಸು ತೆಗೆದುಕೊಂಡಳು. ಗಿರಣಿಯಕ್ಕ ಅವಿರೋಧ ಆಯ್ಕೆ. ಅಣ್ಣ ಮನೆಗೆ ಬಂದವನೇ ತಂಬಿಗೆ ನೀರು ಕುಡಿದು, “ಮುಗತ್ತು,” ಎಂದ.

ಸಂಜೆಯ ಬಸ್ಸಿಗೆ ಅವನ ಮಗಳು ಬಂದಳು. ಬಗಲಲ್ಲಿ ಬಣ್ಣದ ಹಾಳೆಗಳ ಸುರುಳಿ. ಧಾರವಾಡದಲ್ಲಿ ಕೊಂಡದ್ದು, ಪ್ರಚಾರದ ಪೋಸ್ಟರಿಗೆ. ಅಂಗಳದಲ್ಲೇ ಅಣ್ಣ ಸುದ್ದಿ ಹೇಳಿದ.

“ನಿನ್ನ ಅಭ್ಯರ್ಥಿ ಗೆದ್ದು, ಕೂಸೆ! ಒಂದು ಮತ ಬೀಳದ್ದೆ ಗೆಲ್ಸಿಕೊಟ್ಟಿದ್ದೆ!”

ಅವಳು ಸುರುಳಿಯನ್ನು ಕೆಳಗಿಟ್ಟಳು. “ಚುನಾವಣೆ?”

“ಇಲ್ಲೆ. ಬೇಕಾಗೇ ಇಲ್ಲೆ.”

“ಅಪ್ಪಯ್ಯ, ಯಂಗೆ ಬೇಕಾಗಿದ್ದೇ ಚುನಾವಣೆ!”

ಅಣ್ಣನ ಮುಖ ನೋಡುವಂತಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಗಳು ಹಿಡಿದ ಕೆಲಸ ಸೋಲಬಾರದೆಂದು ಮೂರು ದಿನ ಸಂಸಾರ ಬಿಟ್ಟು ಓಡಾಡಿದ್ದ. ಅವಳಿಗೆ ಸೋತರೂ ನಡೆಯುತ್ತಿತ್ತು, ನಡೆಯಬೇಕಾದದ್ದು ಚುನಾವಣೆ. ತಂದೆ ಪ್ರೀತಿಯಿಂದ ಅದನ್ನೇ ಇಲ್ಲವಾಗಿಸಿದ್ದ. ಹತ್ತು ಲೋಟ, ಎಂಟು ಲೋಟ ಎಂದು ಚಹಾ ಕಳಿಸಿಕೊಟ್ಟವಳು ನಾನು. ನನಗೂ ಆ ಕಲಂ ನೆನಪಾದದ್ದು ಆಗಲೇ. ಅರ್ಜಿಯನ್ನು ಮೂರು ಸಲ ಓದಿದ್ದವಳಿಗೆ!

ಆ ರಾತ್ರಿ ಅವಳು ಊಟ ಬಿಟ್ಟಳು. ಬೆಳಿಗ್ಗೆ ನಾನು ಶಿರಸಿಗೆ ಹೊರಡುವ ಮುಂಚೆ ಅವಳ ಹತ್ತಿರ ಹೋಗಿ ಕುಳಿತೆ. ಅರ್ಜಿಯನ್ನು ಅಂಚೆಗೆ ಹಾಕಲು ಇನ್ನು ಹನ್ನೆರಡು ದಿನ ಇತ್ತು. ಬೇರೆ ಯಾವ ಚುನಾವಣೆಯೂ ಆಕೆಗೆ ಸಿಗುವಂತಿರಲಿಲ್ಲ. ನಾಮಪತ್ರದ ದಿನಗಳು ಎಲ್ಲ ಕಡೆ ಮುಗಿದಿದ್ದವು.

“ಕಲಂ ಇನ್ನೊಂದ್ಸಲ ಓದು,” ಎಂದೆ.

“ಬಾಯಿಪಾಠ ಆಯ್ದು ಅತ್ತೆ.”

“ಮತ ಬಿದ್ದಿರಕ್ಕು ಹೇಳಿ ಎಲ್ಲಿದ್ದು? ಒಬ್ಬರ ಪರ ಕೆಲಸ ಮಾಡಿರಕ್ಕು ಹೇಳಿ ಇದ್ದು. ನೀನು ಮಾಡಿದ್ದೆ. ಇಬ್ಬರು ಅಭ್ಯರ್ಥಿ ಇದ್ದಿದ್ದೂ ಹೌದು. ಆನು ಇಷ್ಟು ವರ್ಷ ಅರ್ಜಿ ನೋಡಿದವಳು. ಇದು ನಡೀತು.”

“ಬರೆಯದು ಎಂತರ? ಎಲ್ಲರೂ ಚಾ ಕುಡಿದ್ರು, ಒಬ್ಬಳು ಹಿಂದೆ ಸರಿದ್ಲು. ಎರಡು ಸಾಲು.”

ನಾನು ಚೀಲದಿಂದ ನೋಟುಬುಕ್ಕು ತೆಗೆದುಕೊಟ್ಟೆ. ಅವಳು ಮೊದಲು ಹಗುರವಾಗಿ ಪುಟ ತಿರುಗಿಸಿದಳು. ‘ಮೂರನೆಯ ದಿನ. ಚಹಾ ಮೂರು ಸಲ. ತೆಳ್ಳೇವಿಗೆ ಹಿಟ್ಟು ಸಾಲದೆ ಗಿರಣಿಯಕ್ಕ ತಂದದ್ದನ್ನೇ ಕಲಸಿದ್ದು. ಸಂಕದ ಮಾತು ಆಯಿತು. ಬರುವ ಮಳೆಗಾಲದೊಳಗೆ ಎಂದಳು. ಹೊಲಿಗೆಯಕ್ಕ ನಾಳೆ ಆಫೀಸಿಗೆ ಹೋಗುವೆನೆಂದು ಆರೂ ಐದಕ್ಕೆ ಎದ್ದದ್ದು. ಜಗಲಿಯವರು ಎದ್ದದ್ದು ಏಳೂಮುಕ್ಕಾಲು.’ ಅಲ್ಲಿ ನಿಂತಳು. ಮತ್ತೆ ಓದಿದಳು.

“ಅತ್ತೆ, ಜಗಲಿ ಮೇಲೆ ತೀರ್ಮಾನ ಆಗಕ್ಕಿಂತ ಮುಂಚೇ ಅಡುಗೆಮನೇಲಿ ಆಗಿ ಹೋಗಿತ್ತು!”

“ನೀನು ಎಂ.ಎ. ಮಾಡಿದವಳು. ನಿಂಗೆ ಕಂಡಿದ್ದು ಬರಿ.”

“ಅಪ್ಪಯ್ಯಂಗೆ ಗೊತ್ತಿದ್ದ?”

“ಅವಂಗೆ ಆ ಹೊತ್ತಿಗೆ ಚಾ ಬೇಕಾಗಿತ್ತು.”

ಅವಳು ಎದ್ದು ಮುಖ ತೊಳೆದುಕೊಂಡು ಬಂದು ನಾಲ್ಕು ತೆಳ್ಳೇವು ತಿಂದಳು. ಪೋಸ್ಟರಿನ ಹಾಳೆಗಳ ಹಿಂಬದಿಯಲ್ಲೇ ಪೆನ್ಸಿಲಿನಲ್ಲಿ ವರದಿ ಶುರುವಾಯಿತು. ಮೂರು ದಿನ ಬರೆದಳು. ಹಳ್ಳದಾಚೆಯ ಕೇರಿಗೂ ಹೋಗಿ ಕೇಳಿಕೊಂಡು ಬಂದಳು. ಮನೆ ಮನೆಯ ಪಟ್ಟಿ, ದಿಮ್ಮಿಯ ಸಂಕ, ಹಿತ್ತಿಲ ಬಾಗಿಲು, ಎಲ್ಲ ಬಂತು. ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಮಾಡಿದಳು.

ಮುಂದಿನ ಭಾನುವಾರ ಸಹಿಗೆಂದು ನಾವಿಬ್ಬರೂ ಗಿರಣಿಗೆ ಹೋದೆವು. ಹೊಲಿಗೆಯಕ್ಕನನ್ನೂ ಅಲ್ಲಿಗೇ ಕರೆಸಿದ್ದೆವು. “ಬರ್ರಿ ಅಕ್ಕಾರೆ, ಕುಂಡ್ರಿ,” ಎಂದು ಗಿರಣಿಯಕ್ಕ ಹಿಟ್ಟಿನ ಡಬ್ಬಿಯ ಮೇಲಿನ ಧೂಳು ಹೊಡೆದಳು. ಯಂತ್ರ ನಿಲ್ಲಿಸಿದ ಮೇಲೆ ಅಣ್ಣನ ಮಗಳು ಕನ್ನಡದ ಪ್ರತಿಯನ್ನು ಓದಿದಳು. ಸಂಕದ ಭಾಗ ಬಂದಾಗ ಗಿರಣಿಯಕ್ಕ ಕೈ ಎತ್ತಿದಳು.

“ಅದನ್ನ ಯಾಕ ಬರದಿ ಅವಾ? ಮಾತಿನಾಗ ಅಂದದ್ದು. ಬರಿಯೋದು ಬ್ಯಾರೆ.”

ಹೊಲಿಗೆಯಕ್ಕ ಅಲ್ಲಿಯವರೆಗೆ ಸೀರೆಯ ಸೆರಗಿಗೆ ಹತ್ತಿದ ಹಿಟ್ಟು ಝಾಡಿಸುತ್ತಿದ್ದಳು. ತಲೆ ಎತ್ತದೆ, “ಅದು ಇದ್ರೆ ಸಹಿ ಹಾಕ್ತೆ. ತೆಗದ್ರೆ ಇಲ್ಲ,” ಎಂದಳು.

“ದಿಲ್ಲಿಯವರಿಗೆ ನಿನ್ನ ಸಂಕ ಯಾಕ ಬೇಕು?”

“ದಿಲ್ಲಿಗೆ ಬೇಡ. ನಂಗೆ ಒಂದು ಪ್ರತಿ ಬೇಕು. ನಿಮ್ಮ ಸಹಿ ಇರೂದು.”

ಆ ವಾಕ್ಯ ತೆಗೆದರೆ ಒಬ್ಬರ ಸಹಿ ಹೋಗುತ್ತದೆ, ಇಟ್ಟರೆ ಇನ್ನೊಬ್ಬರದು. ನಾನು ಮಾತಾಡಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಹುಡುಗಿ ನನ್ನ ಮೊಣಕೈ ಒತ್ತಿದಳು. ಗಿರಣಿಯಕ್ಕನ ಕಡೆ ತಿರುಗಿ ನಿಧಾನವಾಗಿ, “ಅಕ್ಕಾ, ನೀವು ಮಾಡಿಸ್ತೀರೋ ಇಲ್ಲವೋ?” ಎಂದು ಕೇಳಿದಳು.

“ಮಾಡಸ್ತೀನಿ ಅಂದೀನಲ್ಲ!”

“ಹಾಗಾದ್ರೆ ಇದು ನಿಮ್ಮ ಹೆಸರಿಗೆ ಮೊದಲ ಕೆಲಸ ಅಂತ ಇರ್ತದೆ. ಮುಂದಿನ ಸಲ ನಿಂತಾಗ ನೀವೇ ತೋರಿಸ್ಬಹುದು.”

“ಮುಂದಿನ ಸಲ ಅಂತ ನಾನು ಎಲ್ಲಿ ಅಂದೆ?” ಎಂದಳು ಗಿರಣಿಯಕ್ಕ. ಆದರೆ ಆ ಯೋಚನೆ ಹಿಡಿಸಿತ್ತೆಂದು ಮುಖದಲ್ಲಿ ಕಾಣುತ್ತಿತ್ತು. “ಕಲ್ಲು ನನ್ನ ಟ್ರ್ಯಾಕ್ಟರ್‌ನಾಗ ಅಂತ ಸೇರಸು. ಅದೂ ಇರಲಿ,” ಎಂದು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಹೊಲಿಗೆಯಕ್ಕ ಸಹಿ ಹಾಕಿ, ತನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಹಿಟ್ಟಿನ ಬೆರಳಿನ ಗುರುತು ದಿಲ್ಲಿಗೆ ಹೋಗುವ ಪ್ರತಿಯ ಮೇಲೂ ಬಿತ್ತು. ಬೇರೆ ಅರ್ಜಿಯಾಗಿದ್ದರೆ ನಾನು ಹೊಸ ಹಾಳೆಯಲ್ಲಿ ಬರೆಸುತ್ತಿದ್ದೆ. ಇದನ್ನು ಬಿಟ್ಟೆ.

ಉಳಿದವನು ಅಣ್ಣ. ಅವನ ಸಹಿ ಬೇಕಿರಲಿಲ್ಲ. ಆದರೆ ಅವನಿಗೆ ಓದಿ ಹೇಳದೆ ಕಳಿಸುವುದಿಲ್ಲ ಎಂದು ಮಗಳು ಹಟ ಹಿಡಿದಳು. ಅವನು ಜಗಲಿಯ ಕಂಬಕ್ಕೆ ಒರಗಿ ಪೂರ್ತಿ ಕೇಳಿದ.

“ಅಡುಗೆಮನೆ ಮಾತು ದಿಲ್ಲಿಗೆ ಕಳ್ಸದಾ?” ಎಂದ ಮೊದಲು. ಆಮೇಲೆ, “ಆನು ಎಲ್ಲೂ ಇಲ್ಯಲೆ ಇದ್ರಲ್ಲಿ,” ಎಂದ.

“ನೀನೂ ಇದ್ದೆ ಅಪ್ಪಯ್ಯ. ಎರಡನೇ ಪುಟ. ‘ಜಗಲಿಯ ಮೇಲೆ ಹಿರಿಯರ ಸಭೆ ಮೂರು ದಿನ ನಡೆಯಿತು.’”

“ಅಷ್ಟೇಯಾ?”

“‘ಚಹಾ ಒಳಗಿನಿಂದ ಬಂತು’ ಅಂತಲೂ ಇದ್ದು.”

ಅತ್ತಿಗೆ ಒಳಗಿನಿಂದ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಣ್ಣ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದ. ನನಗೆ ಅಂಜಿಕೆಯಾಯಿತು. ಅವನು ಬೇಡ ಎಂದಿದ್ದರೆ ಅವಳು ಕಳಿಸುತ್ತಿರಲಿಲ್ಲವೇನೋ. ಕೊನೆಗೆ, “ಮೂರು ದಿನ ಅಲ್ಲ, ಎರಡೂವರೆ. ಮೊದಲನೇ ದಿನ ಮಧ್ಯಾಹ್ನದ ಮೇಲೆ ಕೂತಿದ್ದು. ಸಮಾ ಬರಿ,” ಎಂದ.

ಅದನ್ನು ತಿದ್ದಿದೆವು. ಎರಡು ದಿನ ಮುಂಚಿತವಾಗಿಯೇ ಶಿರಸಿಯ ಪೋಸ್ಟ್ ಆಫೀಸಿನಿಂದ ರಿಜಿಸ್ಟರ್ ಮಾಡಿ ಕಳಿಸಿದೆ. ಫೋಟೊಗೆ ಬಾಟಲಿಯ ಅಂಟು.

ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಂದರ್ಶನವಾಯಿತು. ಹೋಗಿ ಬಂದವಳನ್ನು ಏನು ಕೇಳಿದರೆಂದು ವಿಚಾರಿಸಿದೆ. ಬೇರೆ ಅಭ್ಯರ್ಥಿಗಳೆಲ್ಲ ದೊಡ್ಡ ದೊಡ್ಡ ಚುನಾವಣೆಗಳ ವರದಿ ತಂದಿದ್ದರಂತೆ, ಪಟಗಳೊಂದಿಗೆ. ಇವಳ ವರದಿಯನ್ನು ಮುಂದಿಟ್ಟುಕೊಂಡು ಒಬ್ಬ ಹೆಂಗಸು, “ಈ ಗುರುತು ಏನು?” ಎಂದು ಕೇಳಿದಳಂತೆ. ಅಕ್ಕಿಹಿಟ್ಟು ಎಂದಳಂತೆ ಇವಳು. ಆಮೇಲೆ ಕೇಳಿದ್ದು, “ಸಂಕ ಆಯಿತೇ?”

“ನೀನು ಎಂತ ಹೇಳ್ದೆ?”

“ಕಲ್ಲು ಬಿದ್ದಿದ್ದು, ಸಂಕ ಆಗಿಲ್ಲೆ. ಮಳೆಗಾಲಕ್ಕೆ ಇನ್ನೂ ಮೂರು ತಿಂಗಳು ಇದ್ದು. ಸಹಿ ಇರ ಪ್ರತಿ ಹೊಲಿಗೆಯಕ್ಕನ ಹತ್ರ ಇದ್ದು, ಹೇಳಿ ಹೇಳ್ದೆ.”

“ನಕ್ಕಿದ್ವಾ?”

“ಇಲ್ಲೆ. ಬರಕಂಡ್ರು.”

ಬರೆದುಕೊಂಡರು ಎಂದರೆ ಒಳ್ಳೆಯದೇ ಎಂದು ನಾನು ಹೇಳಿದೆ. ಧೈರ್ಯಕ್ಕೆ ಹೇಳಿದ್ದಲ್ಲ. ಬರೆದುಕೊಳ್ಳುವವರ ಸ್ವಭಾವ ನನಗೆ ಗೊತ್ತು.

ಆಮೇಲೆ ಬಂದದ್ದೇ ಆ ಶನಿವಾರ. ಒಂದೂವರೆಗೆ ಆಫೀಸು ಬಿಟ್ಟು, ಹೊಲಿದ ಚಪ್ಪಲಿ ತೆಗೆದುಕೊಂಡು, ಲಕೋಟೆಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು ಮನೆಗೆ ಬಂದರೆ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಹಲ್ಲಿನ ಡಾಕ್ಟರ ಹತ್ತಿರ ಬಂದವನು. ಬೀಗ ತೆಗೆಯುತ್ತಲೇ ಕಾಗದ ಬಂದಿದೆ ಎಂದುಬಿಟ್ಟೆ. ಹೇಳಬಾರದಿತ್ತು.

“ಕೊಡು ಇಲ್ಲಿ.”

“ಕೊಡ್ತ್ನಿಲ್ಲೆ. ಕೂಸಿನ ಹೆಸರಿಗೆ ಬಂದದ್ದು.”

“ಯನ್ನ ಮಗಳಲೇ ಅದು!”

“ಇರ್ಲಿ. ಒಂದ್ಸಲ ಅದು ಬರದ್ರೊಳಗೆ ನೀನು ಗೆಲ್ಸಿಕೊಟ್ಟಿದ್ದು ಸಾಕು.”

ಅಣ್ಣ ಹಲ್ಲುನೋವಿನಲ್ಲೂ ನಕ್ಕ. ಆದರೆ ಒಂದು ಕಡೆ ಕೂರಲಿಲ್ಲ. ಎರಡು ಸಲ ಗೇಟಿನವರೆಗೆ ಹೋಗಿ ಬಂದ. ಲಕೋಟೆಯನ್ನು ನಾನು ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದೆ. ಅನ್ನಕ್ಕೆ ಇಟ್ಟೆ. ಹಪ್ಪಳ ಸುಟ್ಟೆ, ಎರಡು ಕರಕಲಾದವು. ನನಗೆ ಅಂಥದ್ದು ಆಗುವುದು ಅಪರೂಪ.

“ಆಗ್ದಿದ್ರೆ ಎಂತ ಮಾಡದು?” ಎಂದ ಅಣ್ಣ, ಬಾಗಿಲಲ್ಲಿ ನಿಂತು. “ಊರಿಗೆ ಬಂದು ಸುಮ್ನೆ ಇರು ಹೇಳಿ ಇನ್ನೊಂದ್ಸಲ ಯನ್ನ ಬಾಯಲ್ಲಿ ಬತ್ತಿಲ್ಲೆ ತಂಗಿ. ಅವತ್ತು ಗಿರಣೀಲಿ ಅದು ಮಾತಾಡಿದ್ದನ್ನ ಗಿರಣಿಯಕ್ಕ ಬಂದು ಯಂಗೆ ಹೇಳಿದ್ದು.”

ಅವನಿಗೆ ಉತ್ತರ ಕೊಡುವಷ್ಟರಲ್ಲಿ ಗೇಟಿನ ಸದ್ದಾಯಿತು. ಯಲ್ಲಾಪುರದ ಬಸ್ಸು ಹದಿನೈದು ನಿಮಿಷ ತಡ. ಹುಡುಗಿ ಕಾಲು ತೊಳೆದು ಒಳಗೆ ಬಂದಳು. ನಾನು ಉಪ್ಪಿನ ಭರಣಿಯ ಕಡೆ ತೋರಿಸಿದೆ. ಅವಳು ಲಕೋಟೆಯನ್ನು ಹರಿಯಲಿಲ್ಲ. ನನ್ನ ಆಫೀಸಿನ ಅಭ್ಯಾಸ ಅವಳಿಗೂ ಬಂದಿತ್ತು. ಚಾಕುವಿನಿಂದ ಅಂಚು ಬಿಡಿಸಿ, ನಿಂತೇ ಓದಿ, ಕಾಗದವನ್ನು ನನಗೆ ಕೊಟ್ಟಳು. ನಾನು ಮೊದಲು ಮೇಲಿನ ಹೆಸರು ಸರಿಯಿದೆಯೇ ನೋಡಿದೆ, ಆಮೇಲೆ ಕೆಳಗಿನ ಸಹಿ, ಮುದ್ರೆ. ಆಮೇಲೆ ನಡುವಿನ ಸಾಲು ಓದಿದೆ. ಆಯ್ಕೆಯಾಗಿತ್ತು. ಜುಲೈ ಮೊದಲ ವಾರದಲ್ಲಿ ಹಾಜರಾಗಬೇಕು.

“ಎಂತ ಹೇಳಿ ಇದ್ದು? ಯಾರಾದ್ರೂ ಬಾಯಿ ಬಿಡಿ!” ಎಂದ ಅಣ್ಣ.

“ಆತು ಅಪ್ಪಯ್ಯ.”

ಅವನು ಹೆಗಲ ಮೇಲಿನ ಪಂಚೆಯಲ್ಲಿ ಮುಖ ಒರೆಸಿಕೊಂಡ. “ಹಂಗಾರೆ ಅವಿರೋಧ ಮಾಡ್ಸಿದ್ದು ಒಳ್ಳೇದೇ ಆತು,” ಎಂದ. ನಾವಿಬ್ಬರೂ ಒಟ್ಟಿಗೇ, “ನೀನು ಮಾಡ್ಸಿದ್ದಲ್ಲ!” ಎಂದೆವು. ಅವನು, “ಅಡ್ಡಿಲ್ಲೆ, ಬಡಿಸಿ,” ಎಂದು ಮಣೆ ಎಳೆದುಕೊಂಡ.

ಸಂಕದ ಸುದ್ದಿಯನ್ನು ಊಟದ ನಡುವೆ ಅವನೇ ಹೇಳಿದ. ಎರಡೂ ದಡದ ಕಟ್ಟೆ ಎದ್ದಿದೆ, ಹೊಲಿಗೆಯಕ್ಕ ದಿನಕ್ಕೊಮ್ಮೆ ಟೇಪು ಹಿಡಿದುಕೊಂಡು ಹೋಗಿ ಅಳೆದು ಬರುತ್ತಾಳೆ, ಮೇಸ್ತ್ರಿಗೆ ಆಕೆಯನ್ನು ಕಂಡರೆ ಹೆದರಿಕೆ. ಮಳೆ ಹಿಡಿಯಲು ಎಂಟು ದಿನ ಇರುವಾಗ ಆ ಕೇರಿಯ ಮಕ್ಕಳು ಅದರ ಮೇಲೆ ಓಡಿದರು. ಅದು ಆಮೇಲಿನ ಪುಟದಲ್ಲಿ ಇದೆ.

ಆ ದಿನದ ಪುಟ ಹೀಗೆ ಮುಗಿಯುತ್ತದೆ: ಅನ್ನ, ಮೊಗೆಕಾಯಿ ಹುಳಿ, ಹಲಸಿನ ಹಪ್ಪಳ, ಮಜ್ಜಿಗೆ. ಸಿಹಿ ಮಾಡಲು ಹೊತ್ತಿರಲಿಲ್ಲ, ತೊಡದೇವು ಡಬ್ಬಿಯಲ್ಲಿ ಮೂರು ಉಳಿದಿದ್ದವು, ತಲೆಗೊಂದು. ಅಣ್ಣ ಹಲ್ಲುನೋವಿನ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ತಿಂದದ್ದು. ನಾನೂ ಹುಡುಗಿಯೂ ದಿಲ್ಲಿಗೆ ಕಳಿಸಬೇಕಾದ ದಾಖಲೆಗಳ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿರುವಾಗ, ನಾಲ್ಕೂವರೆ ಬಸ್ಸಿಗೆ ಹೋಗುತ್ತೇನೆ, ಐದು ನಿಮಿಷ ಬೆನ್ನು ನೀಡುತ್ತೇನೆ ಎಂದು ಅಣ್ಣ ಚಾಪೆ ಹಾಸಿಕೊಂಡದ್ದು. ಮೊದಲು ನಿದ್ದೆ ಹೋದವನು ಅವನೇ. ಬಸ್ಸು ಹೋಯಿತು. ಎಬ್ಬಿಸಲಿಲ್ಲ.